ಹಳದಿ ಕಾಗದ ಮತ್ತು ನಮ್ಮ ಸಹಿ: ದಿವಾಳಿಯ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳು

(ಅಣ್ಣಾ ನಗರದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಚಾಲಕಿಯರು ಫೋನ್ ಮಾಡಿ, "ಮೇಡಂ, ಈ ಸಲ ಅಡುಗೆ, ಆರೋಗ್ಯ ಬಿಟ್ಟು ಬೇರೆ ಏನಾದರೂ ಮಾತಾಡಿ" ಅಂದರು. "ದಿವಾಳಿ ಬಗ್ಗೆ ಮಾತಾಡ್ತೀನಿ" ಅಂದೆ. "ದೀಪಾವಳಿಗೆ ಇನ್ನೂ ಸಮಯ ಇದೆಯಲ್ಲ ಮೇಡಂ" ಅಂದರು. ಅಲ್ಲಮ್ಮಾ, ಪಟಾಕಿಯ ದೀವಳಿಗೆಯಲ್ಲ, ಸಾಲದ ದಿವಾಳಿ ಎಂದು ಬಿಡಿಸಿ ಹೇಳಿದ ಮೇಲೆ, "ಅಯ್ಯೋ, ಅಂಥ ವಿಷಯ ಸಭೆಯಲ್ಲಿ ಬೇಕಾ?" ಎಂದು ಅನುಮಾನಿಸಿದರು.

ಬೇಕು ಅಂತಲೇ ನನ್ನ ಅಭಿಪ್ರಾಯ. ನಾನು ವೃತ್ತಿಯಲ್ಲಿ ವಕೀಲೆ. ಸಾಲದ ವಿಷಯಕ್ಕೆ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ತೀರಾ ತಡವಾಗಿ ಬರುತ್ತಾರೆ. ಅಷ್ಟು ಹೊತ್ತಿಗೆ ಒಡವೆ ಅಡವಿಗೆ ಹೋಗಿರುತ್ತದೆ, ಎರಡು ಮೂರು ಕಡೆ ಸಹಿ ಬಿದ್ದಿರುತ್ತದೆ, ನೆಂಟರಿಷ್ಟರ ಸಲಹೆಯಂತೆ ಮನೆಪತ್ರ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಓಡಾಡಿರುತ್ತದೆ. ಕಾನೂನು ಅವರಿಗೆ ಮಾಡುವ ತೊಂದರೆಗಿಂತ, ಕಾನೂನಿನ ಬಗ್ಗೆ ಅವರಿವರು ಹೇಳಿದ ಸುಳ್ಳು ಮಾತು ಮಾಡಿರುವ ತೊಂದರೆಯೇ ಜಾಸ್ತಿ. ಆ ಸುಳ್ಳುಗಳನ್ನು ಒಂದೊಂದಾಗಿ ಬಿಡಿಸೋಣ ಅಂತ ಈ ಮಾತು.

ಮೊದಲು ಪದಗಳನ್ನು ನೋಡಿ. ನಮ್ಮೂರ ಕಡೆ "ದಿವಾಳಿ ಎದ್ದ", "ಪಾಪರ್ ಆದ" ಅನ್ನುತ್ತಾರೆ. ಇಲ್ಲಿ ತಮಿಳಿನಲ್ಲಿ "ಐ.ಪಿ. ಕುಡುತ್ತುಟ್ಟಾನ್" ಅನ್ನುತ್ತಾರೆ. ಐ.ಪಿ. ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ಇನ್ನೊಂದು ಮಾತೂ ಕೇಳಿರುತ್ತೀರಿ, "ಮಂಜಳ್ ನೋಟೀಸ್", ಹಳದಿ ನೋಟೀಸು. ಯಾವ ಭಾಷೆಯಲ್ಲಿ ಹೇಳಿದರೂ ದನಿ ಒಂದೇ: ಅವನು ಜನರಿಗೆ ಟೋಪಿ ಹಾಕಿದ, ಇಲ್ಲವೇ ಅವನ ಕಥೆ ಮುಗಿಯಿತು. ಕಾನೂನು ಇವೆರಡರಲ್ಲಿ ಒಂದನ್ನೂ ಹೇಳುವುದಿಲ್ಲ. ಸಾಲ ತೀರಿಸಲಾಗದವನ ಆಸ್ತಿಯನ್ನು ನ್ಯಾಯಾಲಯ ತನ್ನ ಕೈಗೆ ತೆಗೆದುಕೊಂಡು, ಸಾಲ ಕೊಟ್ಟವರಿಗೆಲ್ಲ ಕ್ರಮವಾಗಿ ಹಂಚಿ, ಪ್ರಾಮಾಣಿಕವಾಗಿ ನಡೆದುಕೊಂಡಿದ್ದರೆ ಅವನನ್ನು ಉಳಿದ ಸಾಲದಿಂದ ಬಿಡಿಸುವ ವ್ಯವಸ್ಥೆ ಅದು. ಲೆಕ್ಕ ಚುಕ್ತಾ ಮಾಡುವ ಒಂದು ದಾರಿ, ಅಷ್ಟೇ.

ನಮ್ಮ ಚೆನ್ನೈಗೆ ಇದು ಹೊಸದೂ ಅಲ್ಲ. 1906ರ ಅಕ್ಟೋಬರಿನಲ್ಲಿ ಮದರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪನಿ ಮುಳುಗಿತು. ಅದರ ಒಡೆಯ ಸರ್ ಜಾರ್ಜ್ ಆರ್ಬತ್‌ನಾಟ್ ಮದರಾಸು ಹೈಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದ. ಅಲ್ಲಿ ಹಣ ಇಟ್ಟಿದ್ದ ಸಂಸಾರಗಳ ಗತಿ ಏನಾಗಿರಬಹುದು ಎಂದು ಊಹಿಸಿಕೊಳ್ಳಿ. ಆಮೇಲೆ ವಂಚನೆ ಸಾಬೀತಾಗಿ ಅವನಿಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯೂ ಆಯಿತು. ಆ ಪೆಟ್ಟು ತಿಂದ ಊರಿನಲ್ಲೇ, ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರ ಮುಂದಾಳತ್ವದಲ್ಲಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಶುರುವಾಯಿತು. ಈ ಕಥೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವನು ಜೈಲಿಗೆ ಹೋದದ್ದು ಸಾಲ ತೀರಿಸಲಾಗದ್ದಕ್ಕಲ್ಲ, ಮೋಸ ಮಾಡಿದ್ದಕ್ಕೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದ್ದನ್ನು ಕೇಳಿ.

ಒಂದು: "ಹಳೇ ಕಾನೂನು ಹೋಯಿತು, ಈಗೆಲ್ಲ ಹೊಸದು"

2016ರಲ್ಲಿ ದೇಶಕ್ಕೆಲ್ಲ ಒಂದೇ ದಿವಾಳಿ ಸಂಹಿತೆ ಬಂತು. ಪೇಪರಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ಸುದ್ದಿ ಓದುತ್ತೀರಲ್ಲ, ಅದೆಲ್ಲ ಈ ಸಂಹಿತೆಯ ಕೆಳಗೆ. ಹಾಗಾಗಿ ನಮಗೂ ನಿಮಗೂ ಅದೇ ಅನ್ವಯ ಎಂದು ಬಹಳ ಜನ ತಿಳಿದಿದ್ದಾರೆ. ಆ ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಗೆಂದು ಮೂರನೇ ಭಾಗವೊಂದು ಇದೆ ನಿಜ. ಆದರೆ 2019ರ ಡಿಸೆಂಬರ್ 1ರಿಂದ ಅದನ್ನು ಜಾರಿಗೆ ತಂದದ್ದು ಒಂದು ಗುಂಪಿಗೆ ಮಾತ್ರ: ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ. ಉಳಿದ ಸಾಮಾನ್ಯ ಜನರಿಗೆ ಹಳೆಯ ಕಾಯ್ದೆಗಳೇ. 2017ರಲ್ಲಿ ಹಣಕಾಸು ಸಚಿವಾಲಯವೇ ಈ ಗೊಂದಲಕ್ಕೆ ಸ್ಪಷ್ಟನೆ ಕೊಡಬೇಕಾಯಿತು.

ಹಳೆಯವು ಎಂದರೆ ಎರಡು. ಚೆನ್ನೈ, ಮುಂಬೈ, ಕೋಲ್ಕತ್ತಾ ನಗರಗಳಿಗೆ 1909ರ ಪ್ರೆಸಿಡೆನ್ಸಿ ಟೌನ್ಸ್ ಕಾಯ್ದೆ. ಬೇರೆ ಊರುಗಳಿಗೆ 1920ರ ಪ್ರಾವಿನ್ಶಿಯಲ್ ಕಾಯ್ದೆ. ಚೆನ್ನೈ ನಗರದಲ್ಲಿ ವಾಸವಿದ್ದು ಅಥವಾ ವ್ಯಾಪಾರ ಮಾಡಿ ಕೈಸೋತವರು ಮದರಾಸು ಹೈಕೋರ್ಟಿಗೆ ಹೋಗುತ್ತಾರೆ. ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರಿಗೆ ಅಲ್ಲಿನ ಜಿಲ್ಲೆಯ ನ್ಯಾಯಾಲಯ. ಚೆನ್ನೈ ಈಗ ಎಷ್ಟೋ ದೂರ ಬೆಳೆದುಬಿಟ್ಟಿದೆ, ಆದ್ದರಿಂದ ನಿಮ್ಮ ವಿಳಾಸ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ ಎನ್ನುವುದನ್ನು ವಕೀಲರಿಂದಲೇ ಕೇಳಿ ತಿಳಿಯಬೇಕು.

"ಅರವತ್ತು ಸಾವಿರದೊಳಗೆ ವರಮಾನ ಇದ್ದವರ ಸಾಲ ಸರ್ಕಾರ ಮನ್ನಾ ಮಾಡುತ್ತಂತೆ" ಎಂಬ ವಾಟ್ಸಾಪ್ ಸಂದೇಶ ಕೂಡ ಆಗಾಗ ಸುತ್ತುತ್ತದೆ. ಹೊಸ ಸಂಹಿತೆಯಲ್ಲಿ ತೀರಾ ಬಡವರಿಗೆಂದು ಒಂದು ಯೋಜನೆ ಬರೆದಿರುವುದು ಹೌದು. ವರ್ಷದ ವರಮಾನ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಆದರೆ ಅದು ಪುಸ್ತಕದಲ್ಲಿದೆ, ಜಾರಿಗೆ ಬಂದಿಲ್ಲ. ಇದರ ಹೆಸರು ಹೇಳಿಕೊಂಡು ಯಾರಾದರೂ "ಫಾರಂ ತುಂಬಿಸಿ ಕೊಡ್ತೀವಿ, ಎರಡು ಸಾವಿರ ಕೊಡಿ" ಅಂದರೆ ಕೊಡಬೇಡಿ.

ಎರಡು: "ಪಾಪರ್ ಅಂತ ಬರೆದುಕೊಟ್ಟರೆ ಆಯಿತು"

ಪಾಪರ್ ಬೇರೆ, ದಿವಾಳಿ ಬೇರೆ. ಕೋರ್ಟ್ ಫೀ ಕಟ್ಟಲು ಶಕ್ತಿಯಿಲ್ಲದವರು ಫೀ ಇಲ್ಲದೆ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶ ಇದೆ. ಅಂಥವರನ್ನು ಹಿಂದೆ ಪಾಪರ್ ಎನ್ನುತ್ತಿದ್ದರು, 1976ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದು ನಿರ್ಗತಿಕ ವ್ಯಕ್ತಿ ಎಂದು ಮಾಡಿದರು. ಅದಕ್ಕೂ ಸಾಲದಿಂದ ಬಿಡುಗಡೆಗೂ ಸಂಬಂಧ ಇಲ್ಲ.

ದಿವಾಳಿ ಎಂದು ನಮಗೆ ನಾವೇ ಘೋಷಿಸಿಕೊಳ್ಳಲಾಗುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದರೂ, ಸಾಲಗಾರರಿಗೆಲ್ಲ ವಕೀಲರ ನೋಟೀಸು ಕಳಿಸಿದರೂ ಅದು ದಿವಾಳಿ ಆಗುವುದಿಲ್ಲ. ನ್ಯಾಯಾಲಯ ಆದೇಶ ಮಾಡಬೇಕು. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ದಿವಾಳಿ ಅರ್ಜಿಯನ್ನು ಸಾಲ ಕೊಟ್ಟವರೂ ಹಾಕಬಹುದು.

ಮೂರು: "ಅರ್ಜಿ ಹಾಕಿದ ದಿನವೇ ಸಾಲ ತೀರಿತು"

ಇದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಅರ್ಜಿ ಬರೀ ಮೊದಲ ಮೆಟ್ಟಿಲು. ನ್ಯಾಯಾಲಯ ಒಪ್ಪಿ ದಿವಾಳಿ ಎಂದು ಆದೇಶ ಮಾಡಿದರೆ ಅದು ಎರಡನೇ ಮೆಟ್ಟಿಲು. ಆಗ ಆ ವ್ಯಕ್ತಿಯ ಆಸ್ತಿಯೆಲ್ಲ ಹೈಕೋರ್ಟಿನ ಅಫಿಷಿಯಲ್ ಅಸೈನೀ ಎಂಬ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಯಾರಿಗೆ ಎಷ್ಟು ಕೊಡಬೇಕು, ನನ್ನ ಹತ್ತಿರ ಏನೇನಿದೆ ಎಂದು ಒಂದನ್ನೂ ಬಚ್ಚಿಡದೆ ಪಟ್ಟಿ ಕೊಡಬೇಕು. ನ್ಯಾಯಾಲಯದಲ್ಲಿ ಬಹಿರಂಗವಾಗಿ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಆಸ್ತಿ ಮಾರಿ ಬಂದದ್ದನ್ನು ಸಾಲ ಕೊಟ್ಟವರಿಗೆ ಹಂಚುತ್ತಾರೆ. ಕೊನೆಯ ಮೆಟ್ಟಿಲು ಬಿಡುಗಡೆ. ಆ ಬಿಡುಗಡೆಗೆ ಮತ್ತೆ ತಾನೇ ಅರ್ಜಿ ಹಾಕಬೇಕು. ನಡತೆ ಸರಿಯಿಲ್ಲ ಎಂದು ಕಂಡರೆ ನ್ಯಾಯಾಲಯ ಅದನ್ನು ನಿರಾಕರಿಸಬಹುದು, ಮುಂದೂಡಬಹುದು, ಷರತ್ತು ಹಾಕಬಹುದು. ಬಿಡುಗಡೆಗೆ ಕೇಳಿಕೊಳ್ಳದೇ ಸುಮ್ಮನೆ ಕೂತರೆ ದಿವಾಳಿ ಆದೇಶವೇ ರದ್ದಾಗಬಹುದು.

ಹಾಗೆ ಬಿಡುಗಡೆ ಸಿಕ್ಕರೂ ಕೆಲವು ಸಾಲಗಳು ಬಿಡುವುದಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಬಾಕಿ ಉಳಿಯುತ್ತದೆ. ಮೋಸದಿಂದ ಮಾಡಿದ ಸಾಲ ಉಳಿಯುತ್ತದೆ. ಹೆಂಡತಿ ಮಕ್ಕಳಿಗೆ ನ್ಯಾಯಾಲಯ ಆದೇಶಿಸಿದ ಜೀವನಾಂಶ ಉಳಿಯುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ "ನಾನು ಐ.ಪಿ. ಹಾಕಿಬಿಡ್ತೀನಿ, ನಿನಗೆ ಒಂದು ಕಾಸೂ ಸಿಗಲ್ಲ" ಎಂದು ಹೆಂಡತಿಯನ್ನು ಹೆದರಿಸಿದ ಗಂಡಸರನ್ನು ನಾನು ಕಂಡಿದ್ದೇನೆ. ಅದು ಖಾಲಿ ಬೆದರಿಕೆ.

ಅಡಮಾನದ ಸಾಲಕ್ಕೂ ಇದು ಔಷಧಿಯಲ್ಲ. ಮನೆ ಅಡವಿಟ್ಟು ಬ್ಯಾಂಕಿನಿಂದ ಸಾಲ ತಂದಿದ್ದರೆ ಬ್ಯಾಂಕಿಗೆ ಆ ಮನೆಯ ಮೇಲಿನ ಹಕ್ಕು ಹಾಗೆಯೇ ಇರುತ್ತದೆ. ಅಡವಿಟ್ಟ ಚಿನ್ನವೂ ಅಷ್ಟೇ. ಮನೆಸಾಲದ ಕಂತು ತಪ್ಪಿ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟೀಸು ಬಂದರೆ, ಅದಕ್ಕೆ ಉತ್ತರ ಕೊಡಬೇಕೇ ಹೊರತು "ಐ.ಪಿ. ಹಾಕಿದ್ದೇವೆ" ಎಂದು ನೋಟೀಸನ್ನು ದೇವರ ಮನೆಯ ಗೂಡಿನಲ್ಲಿ ಇಡಬಾರದು.

ಚೆಕ್ಕಿನದ್ದು ಇನ್ನೂ ಮುಖ್ಯ. ಚೆಕ್ ಬೌನ್ಸ್ ಆದರೆ ಅದು 138ನೇ ಕಲಮಿನ ಕ್ರಿಮಿನಲ್ ಪ್ರಕರಣ. ಎರಡು ವರ್ಷದವರೆಗೆ ಸಜೆ, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ನಿಮ್ಮ ಹೆಸರಿನ ಚೆಕ್ ಪುಸ್ತಕ ನಿಮ್ಮ ಬೀರುವಿನಲ್ಲೇ ಇರಲಿ. ಖಾಲಿ ಚೆಕ್ಕಿಗೆ ಸಹಿ ಮಾಡಿ, ಯಾರಿಗೇ ಆಗಲಿ, ಕೊಡಬೇಡಿ.

ನಾಲ್ಕು: "ಸಾಲ ತೀರಿಸದಿದ್ದರೆ ಪೊಲೀಸ್ ಬಂದು ಹಿಡಿದುಕೊಂಡು ಹೋಗುತ್ತಾರೆ"

ವಸೂಲಿ ಏಜೆಂಟರು ಫೋನಿನಲ್ಲಿ ಮೊದಲು ಹೇಳುವ ಮಾತೇ ಇದು. ಸಾಲ ತೀರಿಸಲಾಗದ್ದು ಅಪರಾಧವಲ್ಲ. ಸಿವಿಲ್ ಡಿಕ್ರಿಯಾದ ಮೇಲೆ ಹಣವಿದ್ದೂ ಬೇಕೆಂದೇ ಕೊಡದವನನ್ನು ಸಿವಿಲ್ ಬಂಧನಕ್ಕೆ ಕಳಿಸಲು ಅವಕಾಶ ಇದೆ. ಆದರೆ ಇಲ್ಲದವನನ್ನು, ಬಡತನದ ಕಾರಣಕ್ಕೆ ಜೈಲಿಗೆ ಹಾಕಬಾರದು ಎಂದು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್.

ಈಗ ನಮ್ಮ ವಿಷಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಹಣ ಕೊಡಬೇಕೆಂಬ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ, ಸಿವಿಲ್ ಜೈಲಿಗೆ ಕಳಿಸುವಂತಿಲ್ಲ. ಈ ಒಂದು ಸಾಲು ಗೊತ್ತಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ. ಚೆಕ್ ಬೌನ್ಸ್, ವಂಚನೆಯಂಥ ಕ್ರಿಮಿನಲ್ ಪ್ರಕರಣಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಅದಕ್ಕೇ ಚೆಕ್ಕಿನ ವಿಷಯವನ್ನು ಅಷ್ಟು ಹೇಳಿದ್ದು.

ಇನ್ನು ಏಜೆಂಟರ ಕಾಟ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚನೆ ಹೊರಡಿಸಿದೆ. ಬೈಗುಳ, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು ಇವೂ ಕೂಡದು. ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ, ಅಲ್ಲಿ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮೀಟರ್ ಬಡ್ಡಿ, ಕಂದುವಟ್ಟಿ ಎಂದು ಹಿಂಡುವವರ ವಿರುದ್ಧ ತಮಿಳುನಾಡಿನಲ್ಲಿ 2003ರಿಂದಲೇ ಪ್ರತ್ಯೇಕ ಕಾಯ್ದೆ ಇದೆ.

ಐದು: "ಪಾತ್ರೆ ಪಗಡೆ, ತಾಳಿ ಕೂಡ ಬಿಡಲ್ಲ"

ಬಿಡುತ್ತಾರೆ, ಬಿಡಲೇಬೇಕು. ಡಿಕ್ರಿಗಾಗಿ ಜಪ್ತಿ ಮಾಡುವಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ ಮುಟ್ಟುವಂತಿಲ್ಲ. ಧಾರ್ಮಿಕ ಆಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ಮಾಂಗಲ್ಯಕ್ಕೆ ರಕ್ಷಣೆ ಈ ಮಾತಿನಿಂದ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಮಿಕ್ಕದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವ ಹಾಗಿಲ್ಲ. ಅಂದರೆ 31,000 ಸಂಬಳ ಬರುವವರಿಗೆ 10,000ದವರೆಗೆ ಜಪ್ತಿಯಾಗಬಹುದು, 21,000 ಕೈಗೆ ಬರಬೇಕು. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ. ಭವಿಷ್ಯ ನಿಧಿಯ ಹಣಕ್ಕೆ 1952ರ ಕಾಯ್ದೆ ಕೊಟ್ಟ ರಕ್ಷಣೆ ಎಂಥದೆಂದರೆ, ಅಫಿಷಿಯಲ್ ಅಸೈನೀ ಕೂಡ ಅದನ್ನು ಕೇಳುವ ಹಾಗಿಲ್ಲ ಎಂದು ಬಿಡಿಸಿ ಬರೆದಿದೆ.

1909ರ ದಿವಾಳಿ ಕಾಯ್ದೆಯೂ ಕಸುಬಿನ ಉಪಕರಣ, ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಪೀಠೋಪಕರಣಗಳನ್ನು ಬಿಡುತ್ತದೆ. ಆದರೆ ಎಲ್ಲ ಸೇರಿ 300 ರೂಪಾಯಿ ಬೆಲೆಯವರೆಗೆ ಎಂದು ಮೂಲ ಕಾಯ್ದೆಯಲ್ಲಿ ಬರೆದಿದೆ! 1909ರಲ್ಲಿ ಮುನ್ನೂರು ರೂಪಾಯಿಗೆ ಒಂದು ಸಂಸಾರವೇ ಬರುತ್ತಿತ್ತು. ಈಗ ಒಂದು ಕುಕ್ಕರೂ ಬರುವುದಿಲ್ಲ. ಕಾಯ್ದೆ ಎಷ್ಟು ಹಳೆಯದು ಎನ್ನುವುದಕ್ಕೆ ಇದೇ ಸಾಕ್ಷಿ, ಇದನ್ನು ಬದಲಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಆರು: "ಗಂಡ ದಿವಾಳಿ ಎಂದರೆ ಹೆಂಡತಿಯೂ ದಿವಾಳಿ"

ಇಲ್ಲ. ಗಂಡನ ಸಾಲ ಗಂಡನದು. ನೀವು ಹೆಂಡತಿ ಎಂಬ ಒಂದೇ ಕಾರಣಕ್ಕೆ ಅದು ನಿಮ್ಮದಾಗುವುದಿಲ್ಲ. ತವರಿನವರು ಕೊಟ್ಟ ಒಡವೆ, ಸ್ವಂತ ದುಡಿಮೆಯ ಹಣ, ನಿಮ್ಮ ಪಾಲಿಗೆ ಬಂದ ಆಸ್ತಿ ನಿಮ್ಮದೇ. ಸ್ತ್ರೀಧನ ಸಂಪೂರ್ಣವಾಗಿ ಹೆಂಡತಿಯದು ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗಂಡ ತೀರಿಕೊಂಡರೂ, ಅವರಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಸಾಲಕ್ಕೆ ಹೊಣೆ. "ಅಪ್ಪನ ಸಾಲ ಮಗ ತೀರಿಸಲೇಬೇಕು, ಅದು ಧರ್ಮ" ಎಂಬ ಆಧಾರದ ಮೇಲೆ ಮಗನ ಮೇಲೆ ದಾವೆ ಹೂಡುವುದನ್ನೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅದರ ನಂತರದ ಸಾಲಗಳಿಗೆ, ನಿಲ್ಲಿಸಿದೆ.

ಇಷ್ಟೆಲ್ಲ ರಕ್ಷಣೆಯನ್ನು ಕಳೆಯುವುದು ಒಂದೇ ಒಂದು: ನಿಮ್ಮ ಸಹಿ. ಸಹ-ಸಾಲಗಾರ್ತಿ ಎಂದು, ಜಾಮೀನುದಾರ್ತಿ ಎಂದು ನೀವು ಸಹಿ ಮಾಡಿದ್ದರೆ ಆ ಸಾಲ ಪೂರ್ತಿ ನಿಮ್ಮದೂ ಹೌದು. ಅರ್ಧ ಅಲ್ಲ, ಪೂರ್ತಿ. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಇನ್ನೂ ಒಂದು ಮಾತು. ಗಂಡ ದಿವಾಳಿಯಾಗಿ, ಬಿಡುಗಡೆಯೂ ಸಿಕ್ಕಿ, ಅವರ ಸಾಲ ಹರಿದುಹೋದರೂ ಜಾಮೀನು ನಿಂತ ನಿಮಗೆ ಬಿಡುಗಡೆ ಇಲ್ಲ. ಸಾಲ ಮಾಡಿದವರು ಆಚೆ ದಡ ಸೇರಿ, ಸಹಿ ಹಾಕಿದವರು ನಡುನೀರಿನಲ್ಲಿ ಉಳಿಯಬಹುದು.

ಚೀಟಿಯ ವಿಷಯವೂ ಇದರಲ್ಲೇ ಬಂತು. ಗೆಳತಿ ಚೀಟಿ ಎತ್ತುವಾಗ "ಸುಮ್ಮನೆ ಒಂದು ಶೂರಿಟಿ ಸೈನ್ ಹಾಕು ಮಾರಾಯ್ತಿ" ಎನ್ನುತ್ತಾಳೆ. ಆ ಸಹಿ ಸುಮ್ಮನೆ ಅಲ್ಲ. ಅವಳು ಕಂತು ನಿಲ್ಲಿಸಿದ ದಿನ ನೋಟೀಸು ನಿಮ್ಮ ಮನೆಗೆ.

ಒಂದು ಒಳ್ಳೆಯ ಸುದ್ದಿಯನ್ನೂ ಇಲ್ಲೇ ಹೇಳುತ್ತೇನೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಮಿನ ಕೆಳಗೆ ಗಂಡ ಹೆಂಡತಿ ಮಕ್ಕಳ ಹಿತಕ್ಕೆಂದು ಜೀವವಿಮೆ ಮಾಡಿಸಿದರೆ ಆ ಹಣ ಟ್ರಸ್ಟಿನ ಹಾಗೆ ಅವರದ್ದು, ಗಂಡನ ಸಾಲಗಾರರ ಕೈಗೆ ಸಿಗುವುದಿಲ್ಲ. ಸಾಲಗಾರರಿಗೆ ಮೋಸ ಮಾಡುವ ಉದ್ದೇಶದಿಂದ ಮಾಡಿಸಿರಬಾರದು, ಅಷ್ಟೇ. ಈ ಸೌಲಭ್ಯ ಹಿಂದೂಗಳಿಗೆ ದೇಶದ ಬೇರೆ ಕಡೆ ಅನ್ವಯವಾದದ್ದು 1923ರ ಏಪ್ರಿಲ್ ನಂತರದ ಪಾಲಿಸಿಗಳಿಗೆ. ಮದರಾಸಿನಲ್ಲಿ ಮಾತ್ರ 1913ರ ಡಿಸೆಂಬರ್ 31ರ ನಂತರದ ಪಾಲಿಸಿಗಳಿಗೇ! ನಮ್ಮ ಈ ಊರು ಅದರಲ್ಲಿ ಮುಂದಿತ್ತು. ಪಾಲಿಸಿ ಮಾಡಿಸುವಾಗಲೇ ಈ ಕಾಯ್ದೆಯಡಿ ಎಂದು ನಮೂದಿಸಬೇಕು. ಬರೀ ನಾಮಿನಿ ಹೆಸರು ಬರೆದರೆ ಇದೇ ಫಲ ಸಿಗುತ್ತದೆ ಎಂದು ತಿಳಿಯಬೇಡಿ.

ಏಳು: "ಮೊದಲೇ ಎಲ್ಲ ಹೆಂಡತಿ ಹೆಸರಿಗೆ ಬರೆದುಬಿಟ್ಟರೆ ಕ್ಷೇಮ"

ಇದರ ಬಗ್ಗೆ ಒಬ್ಬರ ವಿಷಯ ಹೇಳಬೇಕು. ಹೆಸರು ಬೇಡ, ಗುರುತೂ ಬೇಡ. ನಮ್ಮ ಕಡೆಯವರೇ. ಗಂಡ ಆಫೀಸುಗಳಿಗೆ ಊಟ ತಿಂಡಿ ಸರಬರಾಜು ಮಾಡುತ್ತಿದ್ದರು. ಲಾಕ್‌ಡೌನಿನಲ್ಲಿ ಆಫೀಸುಗಳು ಮುಚ್ಚಿದವು, ತೆರೆದ ಮೇಲೂ ಹಳೆಯ ಗಿರಾಕಿಗಳು ಬರಲಿಲ್ಲ. ಬ್ಯಾಂಕಿನ ಸಾಲ, ದಿನಸಿ ಅಂಗಡಿಯ ಬಾಕಿ, ಕೈಸಾಲ, ಮೈದುನನ ಹತ್ತಿರ ತಂದ ಹಣ, ಎಲ್ಲ ಸೇರಿ ಕುತ್ತಿಗೆಗೆ ಬಂತು. ಮನೆಯಲ್ಲಿ ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದ್ದರು: ಫ್ಲ್ಯಾಟನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡುವುದು, ಕೈಯಲ್ಲಿ ಇರುವ ಹಣದಲ್ಲಿ ಮೈದುನನ ಸಾಲ ತೀರಿಸುವುದು, ಆಮೇಲೆ ಐ.ಪಿ. ಹಾಕುವುದು. ಸಹಿಗೆ ಎರಡು ದಿನ ಮೊದಲು ಆಕೆ ನನ್ನ ಹತ್ತಿರ ಬಂದರು.

"ಅಕ್ಕಾ, ಮಕ್ಕಳಿಗೆ ಒಂದು ಸೂರಾದರೂ ಉಳೀಲಿ ಅಂತ ಅಷ್ಟೇ" ಅಂದರು.

ನಾನು ಹೇಳಿದ್ದು ಇಷ್ಟು. "ನೋಡಮ್ಮಾ, ದುಡ್ಡು ತೆಗೆದುಕೊಳ್ಳದೆ ಬರೆದುಕೊಟ್ಟ ಆಸ್ತಿ, ಆಮೇಲೆ ಎರಡು ವರ್ಷದೊಳಗೆ ದಿವಾಳಿ ಆದೇಶವಾದರೆ, ಅಫಿಷಿಯಲ್ ಅಸೈನೀ ಮುಂದೆ ನಿಲ್ಲಲ್ಲ. ವಾಪಸು ಹೋಗುತ್ತೆ. ಎರಡು ವರ್ಷ ಕಳೆದರೂ, ಸಾಲಗಾರರಿಗೆ ಮೋಸ ಮಾಡೋಕೆ ಬರೆದಿದ್ದು ಅಂತ ಸಾಬೀತಾದರೆ ಬೇರೆ ಕಾನೂನಿನಲ್ಲೂ ಬೀಳುತ್ತೆ. ಸೂರು ಉಳಿಯಲ್ಲ, ಜೊತೆಗೆ ಯಜಮಾನರ ಬಿಡುಗಡೆಗೂ ಕಲ್ಲು ಬೀಳುತ್ತೆ. ಇವತ್ತಿನವರೆಗೆ ಅವರು ನಷ್ಟವಾದ ವ್ಯಾಪಾರಿ. ಆ ಪತ್ರಕ್ಕೆ ಸಹಿ ಬಿದ್ದ ಮೇಲೆ ಬಚ್ಚಿಟ್ಟ ಮನುಷ್ಯ ಆಗ್ತಾರೆ."

"ಮೈದುನನ ದುಡ್ಡಾದರೂ ಕೊಟ್ಟುಬಿಡ್ತೀವಿ. ಕೊಡದಿದ್ದರೆ ಹಬ್ಬ ಹುಣ್ಣಿಮೆಗೆ ಅವರ ಮುಖ ಹೇಗೆ ನೋಡಲಿ?"

ಈ ಪ್ರಶ್ನೆಗೆ ಕಾನೂನಿನ ಪುಸ್ತಕ ತೆರೆದು ಉತ್ತರ ಹೇಳುವುದು ಸುಲಭ, ಆಕೆಯ ಮುಖ ನೋಡಿ ಹೇಳುವುದು ಕಷ್ಟ. ಆದರೂ ಹೇಳಲೇಬೇಕಾಯಿತು. ದಿವಾಳಿ ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ, ಬೇಕಾದವರೆಂದು ಒಬ್ಬ ಸಾಲಗಾರನಿಗೆ ಮಾತ್ರ ಕೊಟ್ಟು ಉಳಿದವರಿಗೆ ಕೈ ಎತ್ತಿದರೆ ಅದನ್ನೂ ನ್ಯಾಯಾಲಯ ರದ್ದು ಮಾಡಬಹುದು. ಆಗ ಮೈದುನನೇ ಆ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ದಿನಸಿ ಅಂಗಡಿಯವರಿಗೂ ಮಕ್ಕಳಿದ್ದಾರೆ, ಕಾನೂನಿನ ಕಣ್ಣಿಗೆ ಅವರ ಹಣವೂ ಮೈದುನನ ಹಣವೂ ಒಂದೇ.

ಕೊನೆಗೆ ಅವರು ದಾನಪತ್ರವನ್ನೂ ಮಾಡಲಿಲ್ಲ, ಐ.ಪಿ.ಯನ್ನೂ ಹಾಕಲಿಲ್ಲ. ಹರಾಜಿಗೆ ಬಿಡದೆ ಫ್ಲ್ಯಾಟನ್ನು ತಾವೇ ಮಾರಿದರು. ಬ್ಯಾಂಕಿನ ಹತ್ತಿರ ಕೂತು ಒಂದೇ ಸಲದ ತೀರುವಳಿಗೆ ಒಪ್ಪಿಸಿದರು. ಉಳಿದವರನ್ನೆಲ್ಲ ಕರೆದು ಪಟ್ಟಿಯನ್ನು ಮುಂದಿಟ್ಟು, ತಿಂಗಳಿಗೆ ಇಷ್ಟು ಎಂದು ಬರೆದುಕೊಟ್ಟರು. ಮೈದುನನ ಹೆಸರೂ ಅದೇ ಪಟ್ಟಿಯಲ್ಲಿತ್ತು. ಅವರು ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಈಗ ಬಾಡಿಗೆ ಮನೆಯಲ್ಲಿದ್ದಾರೆ, ಆಕೆ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಸಾಲ ಪೂರ್ತಿ ತೀರಿಲ್ಲ. ಸೂರು ಹೋಯಿತು ಎಂಬ ನೋವೂ ಹೋಗಿಲ್ಲ. ಆದರೆ ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚುವುದು ನಿಂತಿದೆ ಎಂದು ಹೇಳಿದರು.

ಎಂಟು: "ಒಮ್ಮೆ ದಿವಾಳಿಯಾದರೆ ಜೀವಮಾನವಿಡೀ ಕಳಂಕ"

ಬಿಡುಗಡೆ ಸಿಗುವವರೆಗೆ ಕೆಲವು ನಿರ್ಬಂಧಗಳಿವೆ. ಸಂವಿಧಾನದ 102 ಮತ್ತು 191ನೇ ವಿಧಿಗಳ ಪ್ರಕಾರ ಸಂಸದರಾಗಿ, ಶಾಸಕರಾಗಿ ಇರುವಂತಿಲ್ಲ. ಕಂಪನಿಯ ನಿರ್ದೇಶಕರಾಗುವಂತಿಲ್ಲ. 1909ರ ಕಾಯ್ದೆಯಲ್ಲಿ, ತಾನು ದಿವಾಳಿ ಎಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ ಅದೇ ಅಪರಾಧ. ಆದರೆ ಮತ ಹಾಕುವ ಹಕ್ಕು ಹೋಗುವುದಿಲ್ಲ. ದುಡಿದು ತಿನ್ನುವ ಹಕ್ಕು ಹೋಗುವುದಿಲ್ಲ. ಸೋತವನು ಮತ್ತೆ ಏಳಲಿ ಎಂದೇ ಬಿಡುಗಡೆ ಎಂಬ ಕೊನೆಯ ಮೆಟ್ಟಿಲನ್ನು ಇಟ್ಟಿದ್ದಾರೆ. ಮತ್ತೆ ಸಾಲ ಸಿಗುವುದು ಬಹಳ ಕಷ್ಟ, ಅದು ನಿಜ. ಒಂದಷ್ಟು ಕಾಲ ಸಾಲ ಸಿಗದಿರುವುದು ಎಷ್ಟೋ ಮನೆಗಳಿಗೆ ಒಳ್ಳೆಯದೇ.

ಇಷ್ಟು ಕೇಳಿದ ಮೇಲೆ ನೀವು ಕೇಳಬಹುದು: ಹಾಗಾದರೆ ಐ.ಪಿ. ಹಾಕಬೇಕೋ ಬೇಡವೋ? ಎಲ್ಲ ದಾರಿ ಮುಚ್ಚಿ, ಸಾಲ ಆಸ್ತಿಯನ್ನೂ ದುಡಿಮೆಯನ್ನೂ ಮೀರಿ ಬೆಳೆದು, ಹಲವರು ಹಲವು ಕಡೆಯಿಂದ ದಾವೆ ಹೂಡಿರುವಾಗ ಅದು ಸರಿಯಾದ, ಗೌರವದ ದಾರಿಯೇ. ಅದಕ್ಕೆ ಮೊದಲು ಮಾಡಬೇಕಾದದ್ದು ಕೆಲವಿವೆ.

ಒಂದು ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ. ಅಡಮಾನ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾರ ಸಹಿ ಇದೆ, ಯಾರ ಕೈಯಲ್ಲಿ ಯಾರ ಚೆಕ್ ಇದೆ. ಬ್ಯಾಂಕು ನಿಮ್ಮನ್ನು ಹುಡುಕಿಕೊಂಡು ಬರುವ ಮೊದಲು ನೀವೇ ಹೋಗಿ ಕಂತು ಇಳಿಸಲು, ಅವಧಿ ಹೆಚ್ಚಿಸಲು ಕೇಳಿ. ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶ ಇದೆ. ಸಾಲ ತೀರಿಸಲು ಇನ್ನೊಂದು ಆ್ಯಪಿನಲ್ಲಿ ಸಾಲ ಮಾಡಬೇಡಿ.

ವಕೀಲರಿಗೆ ಫೀ ಎಲ್ಲಿಂದ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ವರಮಾನ ಎಷ್ಟು ಎಂದು ನೋಡುವುದಿಲ್ಲ. 15100 ಸಂಖ್ಯೆಗೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಾನು ಇಲ್ಲಿ ಹೇಳಿದ್ದು ಸಾಮಾನ್ಯ ತಿಳಿವಳಿಕೆ. ನಿಮ್ಮ ಕಾಗದ ನೋಡಿ ಹೇಳುವ ಮಾತೇ ಕೊನೆಯ ಮಾತು.

ಇನ್ನೊಂದು ಕಾಗದಕ್ಕೆ ಸಂಬಂಧಿಸದ ಮಾತು. ಸಾಲದ ಮನೆಯಲ್ಲಿ ಮೌನ ಬಹಳ ಅಪಾಯ. ಗಂಡ ಹೆಂಡತಿಗೆ ಹೇಳುವುದಿಲ್ಲ, ಹೆಂಡತಿ ತವರಿಗೆ ಹೇಳುವುದಿಲ್ಲ. ನಿದ್ದೆ ಬಿಟ್ಟು, ಊಟ ಬಿಟ್ಟು, ಬದುಕೇ ಬೇಡ ಎನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ಸಾಲಕ್ಕೆ ಕಾನೂನಿನಲ್ಲಿ ಕೊನೆ ಇದೆ. ಜೀವವನ್ನು ಹಾಗೆ ಲೆಕ್ಕಕ್ಕೆ ಸೇರಿಸಬಾರದು.

ನಮ್ಮ ಸಂಘದಲ್ಲಿ ಮದುವೆ, ನಾಮಕರಣದ ಸುದ್ದಿ ಹಂಚಿಕೊಳ್ಳುತ್ತೇವೆ. ವ್ಯಾಪಾರ ಸೋತವರ ಮನೆಗೂ ಒಂದು ಸಂಜೆ ಹೋಗಿಬನ್ನಿ. ಹೋದಾಗ "ಐ.ಪಿ. ಹಾಕಿದ್ರಂತೆ ಹೌದಾ?" ಎಂದು ಕೇಳಬೇಡಿ. "ಕಾಗದ ಯಾರಾದರೂ ವಕೀಲರಿಗೆ ತೋರಿಸಿದಿರಾ?" ಎಂದು ಕೇಳಿ. ಮತ್ತೆ ಇವತ್ತು ಮನೆಗೆ ಹೋದವರು, ಯಜಮಾನರು ಊಟ ಮುಗಿಸಿ ಆರಾಮಾಗಿ ಕೂತಾಗ, ಜಗಳದ ದನಿಯಲ್ಲಲ್ಲ, ಸಹಜವಾಗಿ ಒಂದು ಪ್ರಶ್ನೆ ಕೇಳಿ: "ನಾನು ಇದುವರೆಗೆ ಎಲ್ಲೆಲ್ಲಿ ಸಹಿ ಹಾಕಿದ್ದೇನೆ ರೀ? ಆ ಕಾಗದಗಳ ಪ್ರತಿ ನನಗೂ ಒಂದೊಂದು ಬೇಕು."